ಕ್ರಮ ಕೈಗೊಳ್ಳಲಾಗುವುದು. ಸರಿ, ಯಾರು?

ಕೆಲವು ವರ್ಷ ನನ್ನ ಕೆಲಸ ಇಷ್ಟೇ ಆಗಿತ್ತು. ಒಂದು ಸ್ಥಳೀಯ ಆರೋಗ್ಯ ಕಚೇರಿ, ಅಲ್ಲಿ ತಿಂಗಳಿಗೊಂದು ಸಮನ್ವಯ ಸಭೆ, ಆ ಸಭೆಯಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತು ನಡಾವಳಿ ಬರೆಯುವವನು ನಾನು. ಡಾಕ್ಟರಲ್ಲ, ಅಧಿಕಾರಿಯಲ್ಲ, ಬರೆಯುವವನು ಅಷ್ಟೆ. ಆರೋಗ್ಯ ಕಚೇರಿಯಲ್ಲಿದ್ದೇನೆ ಅಂದ ಕೂಡಲೇ ಜನ ತಮ್ಮ ಮಂಡಿನೋವಿನ ಕತೆ ಶುರು ಮಾಡುತ್ತಿದ್ದರು. ನಾನೂ ಗೊತ್ತಿರುವವನ ಹಾಗೆ ತಲೆಯಾಡಿಸುತ್ತಿದ್ದೆ.

ಆ ವರ್ಷಗಳಲ್ಲಿ ನಾನು ಅತಿ ಜಾಸ್ತಿ ಸಲ ಬರೆದ ಸಾಲು ಯಾವುದು ಗೊತ್ತಾ? 'ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು.' ಓದೋಕೆ ಎಷ್ಟು ಗಂಭೀರವಾಗಿದೆ ನೋಡಿ. ಆದರೆ ಮಾಡುವವರೇ ಇಲ್ಲ ಅದರಲ್ಲಿ. ಶಾಲೆಯಲ್ಲಿ ಕರ್ಮಣಿ ಪ್ರಯೋಗ ಕಲಿಸುವಾಗ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಅಂತ ಬರೆಸುತ್ತಿದ್ದರಲ್ಲ, ಅದರಲ್ಲಿ ಕೊಂದವನ ಹೆಸರಾದರೂ ಇತ್ತು. ನಮ್ಮ ನಡಾವಳಿಯಲ್ಲಿ ಅದೂ ಮಾಯ. ಕ್ರಮ ತನ್ನಷ್ಟಕ್ಕೆ ತಾನೇ ಎದ್ದು ಬಂದು ಕೈಗೊಂಡುಬಿಡುತ್ತದೆ ಅನ್ನೋ ಹಾಗೆ.

ಒಂದು ಶಾಲೆಯ ಹಿಂದೆ ನೀರಿನ ತೊಟ್ಟಿ ಇತ್ತು. ಮುಚ್ಚಳ ಇರಲಿಲ್ಲ. ಸಮೀಕ್ಷೆಗೆ ಹೋದ ಕಾರ್ಯಕರ್ತೆ ಅದರಲ್ಲಿ ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳು ಇದೆ ಅಂತ ಬರೆದುಕೊಟ್ಟಿದ್ದರು. ಸಭೆಗೆ ಬಂತು, ಚರ್ಚೆ ಆಯಿತು, ಕ್ರಮ ಕೈಗೊಳ್ಳಲಾಗುವುದು ಅಂತ ನಾನು ಬರೆದೆ. ಮುಂದಿನ ತಿಂಗಳು ಮತ್ತೆ ಬಂತು. ಮತ್ತೆ ಬರೆದೆ. ಹೀಗೆ ಐದು ತಿಂಗಳು. ಸುಳ್ಳು ಹೇಳೋದು ಯಾಕೆ, ಮೂರನೇ ತಿಂಗಳಿಂದ ನಾನು ಆ ಸಾಲನ್ನು ಹಳೆಯ ಪುಟದಿಂದ ನೋಡಿ ಇಳಿಸುತ್ತಿದ್ದೆ.

ಆರನೇ ತಿಂಗಳು ಹೊಸ ಆರೋಗ್ಯಾಧಿಕಾರಿ ಬಂದರು. ಮೇಡಂ ಅಂತಲೇ ಕರೆಯುತ್ತೇನೆ. ಮೊದಲ ಸಭೆಯಲ್ಲೇ ಹಿಂದಿನ ಐದು ತಿಂಗಳ ನಡಾವಳಿ ಗಟ್ಟಿಯಾಗಿ ಓದಿ ಅಂದರು. ಓದಿದೆ. ತೊಟ್ಟಿಯ ಸಾಲು ಐದು ಸಲ ಬಂತು. 'ಯಾರು?' ಅಂದರು. ನನಗೆ ಅರ್ಥ ಆಗಲಿಲ್ಲ. 'ಕೈಗೊಳ್ಳುವವರು ಯಾರು?' ಹದಿನಾಲ್ಕು ಜನ ಕೂತಿದ್ದರು, ಹದಿನಾಲ್ಕೂ ಜನ ನನ್ನ ಕಡೆ ತಿರುಗಿದರು, ತೊಟ್ಟಿ ಕಟ್ಟಿಸಿದವನೇ ನಾನು ಅನ್ನೋ ಥರ.

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಶಾಲೆಯವರು ಹೇಳಿದ್ದು, ತೊಟ್ಟಿ ನಮ್ಮದಲ್ಲ, ನೀರಿನವರು ಕಟ್ಟಿಸಿದ್ದು. ನೀರಿನವರು, ಕಟ್ಟಿಸಿ ಶಾಲೆಗೆ ಒಪ್ಪಿಸಿ ಆಗಿದೆ, ಸಹಿ ಇದೆ. ಎಂಜಿನಿಯರು, ಅಂದಾಜು ಪಟ್ಟಿಯಲ್ಲಿ ಮುಚ್ಚಳ ಸೇರಿರಲಿಲ್ಲ. ನಮ್ಮ ಕಚೇರಿಯವರು, ಲಾರ್ವಾ ಕಂಡ ದಿನವೇ ವರದಿ ಮಾಡಿದ್ದೇವೆ. ತಮಾಷೆ ಏನೆಂದರೆ, ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರ ಮಾತೂ ನಿಜ, ಎಲ್ಲರ ಕಡತವೂ ಸರಿ, ತೊಟ್ಟಿ ಮಾತ್ರ ತೆರೆದೇ ಇದೆ.

ಸಾರ್ವಜನಿಕ ಆರೋಗ್ಯ ಅಂದರೆ ಆಸ್ಪತ್ರೆ, ಡಾಕ್ಟರು, ಲಸಿಕೆ ಅಂತ ನಾನು ಅಲ್ಲಿಯವರೆಗೂ ಅಂದುಕೊಂಡಿದ್ದೆ. ಲಸಿಕೆ, ದಾದಿಯರು, ಸಮೀಕ್ಷೆ, ಇಷ್ಟು ಆರೋಗ್ಯಾಧಿಕಾರಿಯ ಕೈಯಲ್ಲಿ ಇರುತ್ತದೆ ನಿಜ. ಆದರೆ ಕಾಯಿಲೆ ಹುಟ್ಟುವ ಜಾಗಗಳಲ್ಲಿ ಬಹಳಷ್ಟು ಬೇರೆಯವರ ಕೈಯಲ್ಲಿವೆ. ಕುಡಿಯುವ ನೀರು ಒಂದು ಇಲಾಖೆ, ಚರಂಡಿ ಇನ್ನೊಂದು, ಕಸ ಮತ್ತೊಂದು, ಮನೆ ಕಟ್ಟಲು ಪರವಾನಗಿ ಕೊಡುವವರು ಬೇರೆ, ಮಕ್ಕಳು ದಿನವಿಡೀ ಕೂರುವ ಶಾಲೆ ನಡೆಸುವವರು ಬೇರೆ. ಕಾಯಿಲೆ ಹಬ್ಬಿದಾಗ ಫೋನು ಬರುವುದು ಮಾತ್ರ ಆರೋಗ್ಯದವರಿಗೆ. ತನ್ನ ಮಾತು ಕೇಳಲೇಬೇಕು ಅಂತ ನಿಯಮ ಇಲ್ಲದ ಜನರಿಂದ ಕೆಲಸ ಮಾಡಿಸುವುದು, ಸಮನ್ವಯ ಅನ್ನೋ ದೊಡ್ಡ ಪದದ ಒಳಗೆ ಇರುವುದು ಇದೇ. ಆ ಪದ ನನಗೆ ಈಗಲೂ ಅಷ್ಟು ಇಷ್ಟವಿಲ್ಲ.

ಮೇಡಂ ಮಾಡಿದ ಮೊದಲ ಬದಲಾವಣೆ ತುಂಬಾ ಸಣ್ಣದು. ನಡಾವಳಿ ಪುಸ್ತಕದಲ್ಲಿ ಮೂರು ಕಾಲಂ ಎಳೆಸಿದರು. ಏನು, ಯಾರು, ಯಾವತ್ತಿನೊಳಗೆ. 'ಯಾರು' ಅನ್ನೋ ಕಾಲಂನಲ್ಲಿ ಇಲಾಖೆಯ ಹೆಸರು ಬರೆಯುವ ಹಾಗಿಲ್ಲ, ಮನುಷ್ಯರ ಹೆಸರೇ ಬರೆಯಬೇಕು. ಕರ್ಮಣಿ ಪ್ರಯೋಗಕ್ಕೆ ನಿಷೇಧ. ನನಗೆ ಬರೆಯುವ ಕೆಲಸ ಕಡಿಮೆಯಾಯಿತು, ಜಗಳ ಬಿಡಿಸುವ ಕೆಲಸ ಜಾಸ್ತಿಯಾಯಿತು.

ಎರಡನೆಯದು ಕ್ಯಾಲೆಂಡರ್. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಚ್ಚಗಿನ ವಾತಾವರಣದಲ್ಲಿ ಸುಮಾರು 7ರಿಂದ 10 ದಿನ ತೆಗೆದುಕೊಳ್ಳುತ್ತದೆ. ನಮ್ಮ ಸಭೆ ಮೂವತ್ತು ದಿನಕ್ಕೊಮ್ಮೆ. ಅಂದರೆ ನಾವು ಒಂದು ವಿಷಯ ಎತ್ತಿಕೊಂಡು ಮುಂದಿನ ಸಭೆಗೆ ಬರುವಷ್ಟರಲ್ಲಿ ಅಲ್ಲಿ ಸೊಳ್ಳೆಗಳ ಮೂರು ಹಿಂಡು ಹುಟ್ಟಿ ಹಾರಿ ಹೋಗಿರುತ್ತದೆ. ಸಾಲದ್ದಕ್ಕೆ ಆ ಮೊಟ್ಟೆ ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದರೆ ಒಡೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಇಪ್ಪತ್ತೇ ನಿಮಿಷ, ನಾಲ್ಕೇ ಜನ, ಅದೂ ನಿಂತುಕೊಂಡು ಮಾತಾಡುವ ಏರ್ಪಾಡು ಮಾಡಿದರು. ನೀರು, ಕಸ, ಶಾಲೆ, ಆರೋಗ್ಯ. ಹದಿನಾಲ್ಕು ಜನರ ದೊಡ್ಡ ಸಭೆ ತನ್ನ ಪಾಡಿಗೆ ನಡೆಯುತ್ತಿತ್ತು, ಕೆಲಸ ಇಲ್ಲಿ ಆಗುತ್ತಿತ್ತು.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬೀಳೋಕೆ ಸುಮಾರು ದಿನ ಬೇಕಾಯಿತು. ಸಭೆಯಲ್ಲಿ ಆಗುವ ಒಪ್ಪಿಗೆಗಳೆಲ್ಲ ಸಭೆಗಿಂತ ಎರಡು ದಿನ ಮೊದಲೇ ಆಗಿರುತ್ತಿದ್ದವು. ಮೇಡಂ ನೀರಿನ ಎಂಜಿನಿಯರನ್ನು ತಮ್ಮ ಕಚೇರಿಗೆ ಕರೆಸುತ್ತಿರಲಿಲ್ಲ, ತಾವೇ ಅವರ ಕಚೇರಿಗೆ ಹೋಗುತ್ತಿದ್ದರು. ಹತ್ತು ಜನರ ಮುಂದೆ 'ನೀವು ಮಾಡಿಲ್ಲ' ಅಂತ ಯಾರಿಗೂ ಹೇಳುತ್ತಿರಲಿಲ್ಲ. ಮೊದಲೇ ಹೋಗಿ, ಈ ಸಲ ಇದು ಸಭೆಗೆ ಬರುತ್ತದೆ, ನಿಮಗೆ ಏನು ಅಡ್ಡ ಬರುತ್ತಿದೆ, ನಾನು ಯಾರಿಗೆ ಪತ್ರ ಬರೆದರೆ ನಿಮಗೆ ಅನುಕೂಲ ಅಂತ ಕೇಳುತ್ತಿದ್ದರು. ಎಂಜಿನಿಯರು ಸಭೆಗೆ ಉತ್ತರ ಇಟ್ಟುಕೊಂಡೇ ಬರುತ್ತಿದ್ದರು. ಕೆಲಸ ಮುಗಿದ ಮೇಲೆ ಮೇಲಿನ ಕಚೇರಿಗೆ ಹೋಗುವ ವರದಿಯಲ್ಲಿ ಎಂಜಿನಿಯರ ಹೆಸರು ಮೊದಲು. ಶುರುವಿನಲ್ಲಿ ನನಗೆ ಇದು ಅತಿ ವಿನಯ ಅನ್ನಿಸಿತ್ತು. ಅಧಿಕಾರ ಇದ್ದೂ ಯಾಕೆ ಹೀಗೆ ಮನೆಮನೆ ಸುತ್ತಬೇಕು ಅಂತ. ಆಮೇಲೆ ಗೊತ್ತಾಯಿತು, ಅಧಿಕಾರ ಇರಲೇ ಇಲ್ಲ, ಅದಕ್ಕೇ ಸುತ್ತುತ್ತಿದ್ದರು.

ಈ ಕೆಲಸದ ಇತಿಹಾಸ ಓದುತ್ತಾ ಹೋದರೆ ಇದೇ ಮಾದರಿ ಎದುರಾಗುತ್ತದೆ. 1854ರ ಲಂಡನ್ ಕತೆ ಬಹಳ ಜನಕ್ಕೆ ಗೊತ್ತಿರುತ್ತದೆ. ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ, ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನೆಲ್ಲ ಗುರುತಿಸಿ, ಒಂದು ಬೀದಿ ಪಂಪಿನ ನೀರೇ ಕಾರಣ ಅಂತ ಕಂಡುಹಿಡಿದದ್ದು, ಪಂಪಿನ ಹಿಡಿ ತೆಗೆಸಿದ್ದು. ಆದರೆ ಆ ಹಿಡಿ ತೆಗೆಯುವ ಅಧಿಕಾರ ಸ್ನೋಗೆ ಇರಲಿಲ್ಲ ಅನ್ನೋದನ್ನು ಯಾರೂ ಹೇಳುವುದಿಲ್ಲ. ಅವರು ಸೆಪ್ಟೆಂಬರ್ 7ರ ಸಂಜೆ ಸೇಂಟ್ ಜೇಮ್ಸ್ ಪ್ಯಾರಿಷ್‌ನ, ಅಂದರೆ ಆ ಚರ್ಚಿನ ವ್ಯಾಪ್ತಿಯ ವಾರ್ಡಿನ, ಆಡಳಿತ ಮಂಡಳಿಯ ಮುಂದೆ ಹೋಗಿ ಕೇಳಿಕೊಂಡರು. ಮಂಡಳಿಯವರಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಆದರೂ ಮರುದಿನ ಹಿಡಿ ತೆಗೆಸಿದರು. ಒಂದೇ ದಿನದಲ್ಲಿ. ನಮ್ಮ ತೊಟ್ಟಿಯ ಐದು ತಿಂಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು.

ಅದರಲ್ಲಿ ನನಗೆ ಇಷ್ಟವಾದ ಮನುಷ್ಯ ಸ್ನೋ ಕೂಡ ಅಲ್ಲ, ಅದೇ ಪ್ಯಾರಿಷ್‌ನ ಪಾದ್ರಿ ಹೆನ್ರಿ ವೈಟ್‌ಹೆಡ್. ಆತ ಸ್ನೋ ಮಾತನ್ನು ಒಪ್ಪಿರಲಿಲ್ಲ. ತಪ್ಪು ಅಂತ ತೋರಿಸಬೇಕು ಅಂತಲೇ ಬೀದಿಯ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಯಾರು ಯಾವ ನೀರು ಕುಡಿದಿದ್ದರು ಅಂತ ಕೇಳಿದ. ಜನಕ್ಕೆ ಪರಿಚಯದವನು, ಆದ್ದರಿಂದ ಬಾಗಿಲು ತೆರೆದರು, ಮಾತಾಡಿದರು. ಕೊನೆಗೆ 40ನೇ ನಂಬರ್ ಮನೆಯ ಒಂದು ಪುಟ್ಟ ಮಗುವಿಗೆ ಕಾಯಿಲೆ ಬಂದಿದ್ದು, ಅದರ ಬಟ್ಟೆ ತೊಳೆದ ನೀರು ಬಾವಿಯ ಪಕ್ಕದ ಗುಂಡಿಗೆ ಸೇರಿದ್ದು ಗೊತ್ತಾಗಿ, ಸ್ನೋ ಹೇಳಿದ್ದೇ ಸರಿ ಅಂತ ಒಪ್ಪಿಕೊಂಡ. ಒಬ್ಬರ ಹತ್ತಿರ ತಿಳಿವಳಿಕೆ, ಒಬ್ಬರ ಹತ್ತಿರ ಜನರ ವಿಶ್ವಾಸ, ಇನ್ನೊಬ್ಬರ ಹತ್ತಿರ ಅಧಿಕಾರ. ಮೂರೂ ಒಬ್ಬರ ಹತ್ತಿರವೇ ಇದ್ದಿದ್ದನ್ನು ನಾನಂತೂ ಎಲ್ಲೂ ನೋಡಿಲ್ಲ.

ವಿಶ್ವಾಸ ಅಂದೆನಲ್ಲ, ಅದಿಲ್ಲದೆ ಹೋದಾಗ ಏನಾಗುತ್ತದೆ ಅಂತ ಪಶ್ಚಿಮ ಆಫ್ರಿಕಾದಲ್ಲಿ ಕಂಡಿದೆ. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹಬ್ಬಿತು. 11,000ಕ್ಕಿಂತ ಜಾಸ್ತಿ ಜನ ಸತ್ತರು. ಸತ್ತವರ ದೇಹದಿಂದಲೂ ಸೋಂಕು ತಗಲುತ್ತದೆ, ಹಾಗಾಗಿ ಮೊದಲು ಮಾಡಿದ್ದು ಏನೆಂದರೆ, ರಕ್ಷಣೆಯ ಅಂಗಿ, ಮುಖವಾಡ ತೊಟ್ಟ ತಂಡ ಬಂದು ದೇಹವನ್ನು ಚೀಲಕ್ಕೆ ಹಾಕಿಕೊಂಡು ಹೋಗುವುದು. ಸೋಂಕಿನ ಲೆಕ್ಕದಲ್ಲಿ ಸರಿಯೇ. ಆದರೆ ಮನೆಯವರು ಹೆಣ ಬಚ್ಚಿಡತೊಡಗಿದರು, ರಾತ್ರಿ ಹೊತ್ತು ಗುಟ್ಟಾಗಿ ಹೂಳತೊಡಗಿದರು. ಆಮೇಲೆ ಇಮಾಮರು, ಪಾದ್ರಿಗಳನ್ನು ಜೊತೆಗೆ ಕೂರಿಸಿಕೊಂಡು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ನವೆಂಬರ್‌ನಲ್ಲಿ ಹೊಸ ವಿಧಾನ ಹೊರಡಿಸಿತು. ಮುಟ್ಟುವ ಹಾಗಿಲ್ಲ, ಆದರೆ ಮನೆಯವರು ಇರಬಹುದು, ನೋಡಬಹುದು, ಪ್ರಾರ್ಥನೆ ಮಾಡಬಹುದು. ಈ ಮಾತುಕತೆ ಆರಂಭದಲ್ಲೇ ಆಗಿದ್ದರೆ ಅಂತ ಅನ್ನಿಸದೇ ಇರಲ್ಲ, ಅಲ್ವಾ?

ನಮ್ಮ ಕಡತಗಳ ಲೋಕಕ್ಕೆ ವಾಪಸ್ ಬರುತ್ತೇನೆ. ಪಟ್ಟಿ ಅನ್ನೋದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ಪೋಲಿಯೊ ಕೆಲಸ ಮಾಡಿದ ಹಿರಿಯ ಕಾರ್ಯಕರ್ತೆಯೊಬ್ಬರಿಂದ. ಭಾರತದ ಪೋಲಿಯೊ ಅಭಿಯಾನದಲ್ಲಿ ತಂಡಗಳು ಮನೆ ಮನೆಗೆ ಹೋಗಿ, ಎಲ್ಲ ಮಕ್ಕಳಿಗೂ ಹನಿ ಹಾಕಿಯಾದ ಮನೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ 'ಪಿ' ಅಂತ ಬರೆಯುತ್ತಿದ್ದರು, ಒಂದು ಮಗು ಬಿಟ್ಟುಹೋದರೂ 'ಎಕ್ಸ್'. ಸಂಜೆ ಎಕ್ಸ್ ಮನೆಗಳ ಪಟ್ಟಿ. ಮಗು ಊರಲ್ಲಿಲ್ಲವೋ, ಹುಷಾರಿಲ್ಲವೋ, ಮನೆಯವರು ಬೇಡ ಅಂದರೋ ಅಂತ ಬೇರೆ ಬೇರೆ. ಇದ್ಯಾಕೆ ಅಂದರೆ ಊರಲ್ಲಿಲ್ಲದ ಮಗುವಿಗೆ ಇನ್ನೊಂದು ದಿನ ಹೋದರೆ ಸಾಕು, ಬೇಡ ಅಂದ ಮನೆಗೆ ಅದೇ ತಂಡ ಹತ್ತು ಸಲ ಹೋದರೂ ಪ್ರಯೋಜನವಿಲ್ಲ. ಅಲ್ಲಿಗೆ ಅವರು ನಂಬುವ ಮನುಷ್ಯ ಹೋಗಬೇಕು, ಮೌಲ್ವಿಯೋ, ಬೀದಿಯ ಹಳೇ ಡಾಕ್ಟರೋ, ಶಾಲೆ ಮೇಷ್ಟ್ರೋ. 'ಶೇಕಡಾ ಇಷ್ಟು ಆಗಿದೆ' ಅನ್ನೋ ಅಂಕಿಯಿಂದ ಯಾರನ್ನು ಎಲ್ಲಿಗೆ ಕಳಿಸಬೇಕು ಅಂತ ತಿಳಿಯುವುದಿಲ್ಲ, ಎಕ್ಸ್ ಪಟ್ಟಿಯಿಂದ ತಿಳಿಯುತ್ತದೆ.

ಅಷ್ಟಾದರೂ ಉತ್ತರ ಪ್ರದೇಶ, ಬಿಹಾರದ ಕೆಲವು ಕಡೆ ಪೋಲಿಯೊ ಹೋಗಲೇ ಇಲ್ಲ. ಮಕ್ಕಳು ಹತ್ತಾರು ಸಲ ಹನಿ ತೆಗೆದುಕೊಂಡಿದ್ದರು, ಆದರೆ ಕೊಳಕು ನೀರು, ಪದೇಪದೇ ಭೇದಿ, ಹೊಟ್ಟೆಯಲ್ಲಿ ಲಸಿಕೆ ಹಿಡಿಯುತ್ತಲೇ ಇರಲಿಲ್ಲ. 2009ರಲ್ಲಿ ಅಲ್ಲಿನ 107 ಬ್ಲಾಕ್‌ಗಳನ್ನು (ನಮ್ಮ ತಾಲ್ಲೂಕಿನ ಥರದವು) ಆರಿಸಿಕೊಂಡು ಹನಿಯ ಜೊತೆಗೆ ನೀರು, ಶೌಚಾಲಯ, ಕೈತೊಳೆಯುವುದು, ಎದೆಹಾಲು, ಭೇದಿಗೆ ಸತು ಮತ್ತು ಓಆರ್‌ಎಸ್, ಇವನ್ನೆಲ್ಲ ಸೇರಿಸಿದರು. ಲಸಿಕೆಯೂ ಸುಧಾರಿಸಿತ್ತು. ಆ ವರ್ಷ ದೇಶದಲ್ಲಿ 741 ಪ್ರಕರಣ, ಮರುವರ್ಷ 42, ಅದರ ಮರುವರ್ಷ 1. ಆ ಕೊನೆಯ ಪ್ರಕರಣ 2011ರ ಜನವರಿ 13, ಪಶ್ಚಿಮ ಬಂಗಾಳದ ಹೌರಾ. ಯಾವುದರಿಂದ ಎಷ್ಟು ಇಳಿಯಿತು ಅಂತ ಬಿಡಿಸಿ ಹೇಳೋದು ಕಷ್ಟ. ಲಸಿಕೆಯವರು ಚರಂಡಿಯವರ ಜೊತೆ ಒಂದೇ ಯೋಜನೆಯಲ್ಲಿ ಕೂತರು ಅನ್ನೋದಷ್ಟೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ರಿಜಿಸ್ಟರ್ ಬಗ್ಗೆ ಸ್ವಲ್ಪ ಹೊಟ್ಟೆಯುರಿ ತೀರಿಸಿಕೊಳ್ಳಬೇಕು. ಮೇಲಿನಿಂದ ಪ್ರತಿ ಕಾರ್ಯಕ್ರಮವೂ ತನ್ನದೇ ಹಣ, ತನ್ನದೇ ನಮೂನೆ, ತನ್ನದೇ ಟಾರ್ಗೆಟ್ ಹೊತ್ತುಕೊಂಡು ಬರುತ್ತದೆ. ಕ್ಷಯಕ್ಕೆ ಒಂದು, ಬಾಣಂತಿಯರಿಗೆ ಒಂದು, ಸೊಳ್ಳೆಗೆ ಒಂದು, ಸಕ್ಕರೆ ಕಾಯಿಲೆಗೆ ಒಂದು. ಕೆಳಗೆ ಇವೆಲ್ಲವನ್ನೂ ತುಂಬುವುದು ಒಬ್ಬಳೇ ಕಾರ್ಯಕರ್ತೆ. ಅದೇ ಮನೆ, ಅದೇ ಹೆಂಗಸಿನ ಹೆಸರು, ವಯಸ್ಸು, ಒಂದೇ ದಿನ ನಾಲ್ಕು ಪುಸ್ತಕದಲ್ಲಿ. ಆಮೇಲೆ ಆ್ಯಪ್ ಬಂತು. ಪುಸ್ತಕ ಹೋಗಲಿಲ್ಲ, ಎರಡೂ ಉಳಿದವು. ಸಮನ್ವಯದ ಮೇಲೆ ಭಾಷಣ ಮಾಡುವ ಜಾಗದಿಂದ ಇಳಿದು ಬಂದ ಕೆಲಸವನ್ನು, ಕೊನೆಗೆ ತನ್ನ ಚೀಲದಲ್ಲಿ ಸಮನ್ವಯ ಮಾಡಿಕೊಳ್ಳುವವಳು ಅವಳು. ಮೇಡಂ ಇದನ್ನು ಪೂರ್ತಿ ಸರಿ ಮಾಡಲು ಆಗಲಿಲ್ಲ, ನಮೂನೆ ಬದಲಿಸುವ ಅಧಿಕಾರ ಕೆಳಗೆ ಇರುವುದಿಲ್ಲ. ಅವರಿಗೆ ಸಾಧ್ಯವಾಗಿದ್ದು ಎರಡು. ಮನೆ ಭೇಟಿಯ ದಿನಗಳನ್ನು ಒಟ್ಟು ಮಾಡಿದರು. ಮತ್ತೆ ಸಭೆಯಲ್ಲಿ ಮೊದಲ ಹತ್ತು ನಿಮಿಷ ಕಾರ್ಯಕರ್ತೆಯರಿಗೆ ಕೊಟ್ಟರು. ಮೊದಲು ಅವರ ಸರದಿ ಕೊನೆಗೆ ಬರುತ್ತಿತ್ತು, ಅಷ್ಟರಲ್ಲಿ ದೊಡ್ಡವರೆಲ್ಲ ಎದ್ದು ಹೋಗಿರುತ್ತಿದ್ದರು.

ನೀತಿ ಅಂದರೆ ಮೇಲಿನಿಂದ ಕೆಳಗೆ ಬರುವ ಸುತ್ತೋಲೆ ಅಂತ ಅಂದುಕೊಂಡಿದ್ದ ನನಗೆ, ಅದು ಕೆಳಗಿನಿಂದ ಮೇಲಕ್ಕೂ ಹೋಗಬಹುದು ಅನ್ನೋದಕ್ಕೆ ಸಿಕ್ಕ ಒಳ್ಳೆಯ ಉದಾಹರಣೆ ಫಿನ್ಲೆಂಡಿನ ಉತ್ತರ ಕರೇಲಿಯಾ. 1970ರ ಸುಮಾರಿಗೆ ಅಲ್ಲಿ ಗಂಡಸರು ನಡುವಯಸ್ಸಿನಲ್ಲೇ ಹೃದಯಾಘಾತದಿಂದ ಸಾಯುತ್ತಿದ್ದರು. ಆ ಪ್ರಾಂತ್ಯದ ಪ್ರತಿನಿಧಿಗಳೇ 1971ರಲ್ಲಿ ಸರ್ಕಾರಕ್ಕೆ ಮನವಿ ಕೊಟ್ಟರು, ಏನಾದರೂ ಮಾಡಿ ಅಂತ. 1972ರಲ್ಲಿ ಯೋಜನೆ ಶುರುವಾಯಿತು, ಮುಖ್ಯಸ್ಥ ಇನ್ನೂ ಮೂವತ್ತು ತುಂಬದ ಪೆಕ್ಕಾ ಪುಸ್ಕಾ ಅನ್ನೋ ಡಾಕ್ಟರ್. ಬೆಣ್ಣೆ ಕಮ್ಮಿ ಮಾಡಿ, ಸಿಗರೇಟು ಬಿಡಿ ಅಂತ ಕರಪತ್ರ ಹಂಚಿ ಸುಮ್ನೆ ಕೂರಲಿಲ್ಲ ಅವರು. ಮಾರ್ಥಾ ಅನ್ನೋ ಗೃಹಿಣಿಯರ ಸಂಘದ ಜೊತೆ ಸೇರಿ ಅಡುಗೆಯನ್ನೇ ಬದಲಿಸಲು ಹೊರಟರು. ಬೆಣ್ಣೆ ಕಮ್ಮಿಯಾದರೆ ಹಸು ಸಾಕಿದವರ ಗತಿ ಏನು? ಅದು ಆರೋಗ್ಯದವರ ಪ್ರಶ್ನೆ ಅಲ್ಲ ಅಂತ ಬಿಡಬಹುದಿತ್ತು. ಬಿಡಲಿಲ್ಲ, ರೈತರಿಗೆ ಬೆರ್ರಿ ಹಣ್ಣು ಬೆಳೆಯುವ ದಾರಿ ಹುಡುಕಿದರು. ತಂಬಾಕು ಜಾಹೀರಾತಿನ ಮೇಲೆ 1976ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. ಸುಮಾರು 40 ವರ್ಷಗಳಲ್ಲಿ ಆ ಪ್ರಾಂತ್ಯದ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇ. 80ಕ್ಕಿಂತ ಜಾಸ್ತಿ ಇಳಿಯಿತು. ಇಷ್ಟೆಲ್ಲದರಲ್ಲಿ ಆ ಬೆರ್ರಿ ಹಣ್ಣಿನ ಭಾಗವೇ ನನಗೆ ಪದೇಪದೇ ನೆನಪಾಗುವುದು.

ಬ್ರೆಜಿಲ್ ಇದನ್ನು ವ್ಯಕ್ತಿಗಳ ಒಳ್ಳೆತನಕ್ಕೆ ಬಿಡದೆ ಕಾನೂನಿಗೇ ಹಾಕಿತು. 1990ರ ಕಾನೂನಿನ ಪ್ರಕಾರ ಪ್ರತಿ ನಗರಾಡಳಿತಕ್ಕೂ ಒಂದು ಆರೋಗ್ಯ ಮಂಡಳಿ ಇರಬೇಕು, ಅದರಲ್ಲಿ ಅರ್ಧ ಜನ ಸೇವೆ ಬಳಸುವವರು, ಅಂದರೆ ಸಾಮಾನ್ಯ ಜನರ ಪ್ರತಿನಿಧಿಗಳು. ಮಂಡಳಿ ಇಲ್ಲದಿದ್ದರೆ ಕೇಂದ್ರದ ಆರೋಗ್ಯ ಹಣ ಬರುವುದಿಲ್ಲ. ಎಲ್ಲ ಕಡೆಯೂ ಇದು ಚೆನ್ನಾಗಿ ನಡೆಯುತ್ತದೆ ಅಂತಲ್ಲ. ಕೆಲವು ಕಡೆ ಮೇಯರ್ ಕಡೆಯವರೇ ಜನಪ್ರತಿನಿಧಿಗಳಾಗಿ ಕೂತು ಕೈ ಎತ್ತುತ್ತಾರೆ. ಆದರೂ ಕುರ್ಚಿ ಇದೆ, ಬೇರೆಯವರು ಬಂದು ಕೂರಬಹುದು. ನಮ್ಮ ಸಭೆಯಲ್ಲಿ ಆ ಕುರ್ಚಿಯೇ ಇರಲಿಲ್ಲ. ಹದಿನಾಲ್ಕು ಜನರಲ್ಲಿ ಆ ಶಾಲೆಗೆ ಮಗುವನ್ನು ಕಳಿಸುವವರು ಒಬ್ಬರೂ ಇರಲಿಲ್ಲ. ಮೇಡಂ ಇದನ್ನು ಮಾಡಲಿಲ್ಲ. ಮಾಡಬಹುದಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಅವರ ಮೇಲೆ ಗೌರವ ಇದೆ, ಆದರೂ ಅವರ ಇಡೀ ಕೆಲಸ ಅವರ ಕಾಲಿನ ಮೇಲೆ, ಅವರ ಫೋನಿನ ಮೇಲೆ ನಿಂತಿತ್ತು.

ಯಾಕೆಂದರೆ ಅವರಿಗೆ ವರ್ಗಾವಣೆ ಆಯಿತು. ಬಂದವರು ಕೆಟ್ಟವರೇನಲ್ಲ, ಕಂಪ್ಯೂಟರ್ ಚೆನ್ನಾಗಿ ಗೊತ್ತಿದ್ದವರು. ವಾರದ ಸಭೆ ಮೊದಲು ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ 'ಅಗತ್ಯವಿದ್ದಾಗ' ಆಯಿತು. ಕಾರ್ಯಕರ್ತೆಯರ ಹತ್ತು ನಿಮಿಷ ಮತ್ತೆ ಕೊನೆಗೆ ಹೋಯಿತು. ಎಂಜಿನಿಯರ ಕಚೇರಿಗೆ ಯಾರೂ ಹೋಗಲಿಲ್ಲ, ಪತ್ರ ಹೋಯಿತು. ಮೂರು ಕಾಲಂ ಮಾತ್ರ ಉಳಿಯಿತು, ಅದನ್ನು ಎಳೆಯುವವನು ನಾನಾಗಿದ್ದರಿಂದ.

ಹೇಳೋದು ಮರೆತೆ, ತೊಟ್ಟಿಗೆ ಮುಚ್ಚಳ ಬಿದ್ದಿತ್ತು. ಮೇಡಂ ಬಂದ ಹನ್ನೊಂದನೇ ದಿನ. ಎಂಜಿನಿಯರು ಬೇರೆ ಕೆಲಸದಲ್ಲಿ ಉಳಿದ ತಗಡಿನಲ್ಲಿ ಮಾಡಿಸಿಕೊಟ್ಟರು. ಲಂಡನ್ನಿನಲ್ಲಿ ಕಾಯಿಲೆ ಇಳಿದ ಮೇಲೆ ಆ ಪಂಪಿಗೆ ಹಿಡಿಯನ್ನು ಮತ್ತೆ ಹಾಕಿಬಿಟ್ಟರಂತೆ. ನಮ್ಮಲ್ಲಿ ಉಲ್ಟಾ, ಮೇಡಂ ಹೋದ ಎರಡನೇ ಮಳೆಗಾಲಕ್ಕೆ ಮುಚ್ಚಳವನ್ನು ಯಾರೋ ಕದ್ದುಕೊಂಡು ಹೋದರು. ವಿಷಯ ಸಭೆಗೆ ಬಂತು. ಶಾಲೆಯವರು ನಮ್ಮದಲ್ಲ ಅಂದರು, ನೀರಿನವರು ಒಪ್ಪಿಸಿ ಆಗಿದೆ ಅಂದರು. ಹೊಸ ಸಾಹೇಬರು ನನ್ನ ಕಡೆ ನೋಡಿ, 'ಕ್ರಮ ಕೈಗೊಳ್ಳಲಾಗುವುದು ಅಂತ ಬರ್ಕೊಳ್ಳಿ' ಅಂದರು. ಏನು ಅನ್ನೋ ಕಾಲಂನಲ್ಲಿ ಮುಚ್ಚಳ ಅಂತ ಬರೆದೆ. ಯಾವತ್ತಿನೊಳಗೆ ಅನ್ನೋದರಲ್ಲಿ ಬುಧವಾರ ಅಂತ ಬರೆದೆ. ಆಮೇಲೆ ಪೆನ್ನು ಎತ್ತಿಕೊಂಡು, ಮೊದಲ ಸಲ ಆ ಸಭೆಯಲ್ಲಿ ನಾನಾಗಿಯೇ ಬಾಯಿ ಬಿಟ್ಟು, ಹೆಸರು ಹೇಳಿ ಸರ್ ಅಂದೆ.